ಜೋಳ ಕಾಯ್ದ ಜಪಾನಿ ಕಾವಲುಗಾರ

...ಅಥವಾ ಅದು ತೊಗರಿ ಹೊಲವಾಗಿತ್ತೋ? ಇಲ್ಲ. ತೊಗರಿಗೆ ಗುಬ್ಬಿ ಬೀಳುವುದಿಲ್ಲ, ಗುಬ್ಬಿ ಇಲ್ಲದಿದ್ದರೆ ಮುಂದಿನದ್ಯಾವುದೂ ನಡೆಯುತ್ತಿರಲಿಲ್ಲ. ಹಾಗಾಗಿ ಜೋಳವೇ ಇರಬೇಕು. ಆದರೆ ನೆನೆಸಿಕೊಂಡಾಗಲೆಲ್ಲ ಕಣ್ಣಿಗೆ ಹಳದಿ ಹೂವು ಬರುತ್ತದೆ. ಸಾಲಿನ ನಡುವೆ ಕುಸುಬೆ ಹಾಕಿದ್ದರೇನೋ. ಅಥವಾ ನೆನಪು ತನಗೆ ಬೇಕಾದ ಬೆಳೆಯನ್ನು ತಾನೇ ಬಿತ್ತಿಕೊಂಡಿತೇನೋ. ಖಚಿತವಾಗಿ ಗೊತ್ತಿರುವುದನ್ನು ಮೊದಲು ಹೇಳಿಬಿಡುತ್ತೇನೆ: ನನ್ನ ತಂಗಿಗೆ ತನ್ನದೊಂದು ಒಳ್ಳೆಯ ಫೋಟೊ ಬೇಕಾಗಿತ್ತು.

ಅಂಥಿಂಥ ಫೋಟೊ ಅಲ್ಲ. ಆಳಂದದ ಒಂದು ಲ್ಯಾಬಿನಲ್ಲಿ ದಿನವಿಡೀ ಜನರ ಕೈಗೆ ಸೂಜಿ ಚುಚ್ಚಿ ರಕ್ತ ತೆಗೆಯುವ ಅವಳು, ಬಿಡುವು ಸಿಕ್ಕಾಗಲೆಲ್ಲ ಫೋನಿನಲ್ಲಿ ಜಪಾನಿನ ಅನಿಮೆ ಎಂಬ ಕಾರ್ಟೂನು ನೋಡುತ್ತಿದ್ದಳು. ಅದರಲ್ಲಿ ಒಬ್ಬ ಕಾವಲುಗಾರ. ಹೆಸರು ಎಷ್ಟು ಸಲ ಹೇಳಿಕೊಟ್ಟರೂ ನನ್ನ ನಾಲಿಗೆಗೆ ಹತ್ತಲಿಲ್ಲ. ಮೈತುಂಬ ಬೆಳ್ಳಿ ಕವಚ, ಮುಖ ಮುಚ್ಚುವ ಶಿರಸ್ತ್ರಾಣ, ನೆತ್ತಿಯ ಮೇಲೆ ಬಿಳಿ ಜುಟ್ಟು. ಒಂದು ಬಾಗಿಲ ಮುಂದೆ ನಿಂತಿರುತ್ತಾನೆ. ಮಾತಾಡುವುದಿಲ್ಲ, ಅಲುಗುವುದಿಲ್ಲ. ಅಷ್ಟೇ ಅವನ ಪರಾಕ್ರಮ. ಇಂಥ ಪಾತ್ರದ ವೇಷವನ್ನು ತಾನೇ ಮಾಡಿ ತಾನೇ ತೊಟ್ಟು ಅನಿಮೆ ಸಮ್ಮೇಳನಕ್ಕೆ ಹೋಗುವುದಕ್ಕೆ ಕಾಸ್‌ಪ್ಲೇ ಎನ್ನುತ್ತಾರಂತೆ. ಸಮ್ಮೇಳನ ನಡೆಸುವವರು ಕಲಬುರ್ಗಿಯ ಹುಡುಗ ಹುಡುಗಿಯರು. ಮದುವೆಗಳ ಸುಗ್ಗಿ, ಲಗ್ನಸರಾಯಿಯಾಗಿ ಅಲ್ಲಿಯ ಹಾಲ್‌ಗಳೆಲ್ಲ ತುಂಬಿ, ಅವರಲ್ಲೊಬ್ಬನ ಕಾಕಾನ ಫಂಕ್ಷನ್ ಹಾಲ್ ಜೇವರ್ಗಿಯಲ್ಲಿ ಸಿಕ್ಕಿತ್ತು. ಬರುವವರೆಲ್ಲ ಒಂದೊಂದು ಫೋಟೊ ಕಳಿಸಬೇಕು. ಅದರಲ್ಲಿ ಚೆಂದದ್ದನ್ನು ಫ್ಲೆಕ್ಸ್ ಮಾಡಿಸಿ ಹಾಲ್‌ನ ಬಾಗಿಲಿಗೆ ಹಾಕುತ್ತಾರೆ.

"ಮಾರಿನೇ ಕಾಣಂಗಿಲ್ಲ ಅಂದ್ಮ್ಯಾಲ ಅದೆಂಥಾ ಫೋಟೊ?" ಅಂದಳು ಅವ್ವ. "ಅದರೊಳಗ ಯಾರರ ನಿಂತ್ರೂ ಆತಲ್ಲ."

"ಯಾರರ ನಿಂತ್ರ ಆಗಂಗಿಲ್ಲ ಬೇ," ಅಂದಳು ತಂಗಿ. "ನಾನೇ ನಿಂದರಬೇಕು."

ಮಕ್ಕಳು ಆಡುವ ಫೋಮ್ ಚಾಪೆಯನ್ನು ಇಸ್ತ್ರಿ ಪೆಟ್ಟಿಗೆಯಿಂದ ಬಿಸಿ ಮಾಡಿ ಬಗ್ಗಿಸಿ ಕವಚ ಮಾಡಿದಳು. ಸೋರುತ್ತಿದ್ದ ಪ್ಲಾಸ್ಟಿಕ್ ಕೊಡ ಶಿರಸ್ತ್ರಾಣವಾಯಿತು. ಹಗ್ಗ ಹೊಸೆಯುವ ಪುಂಡಿನಾರು ಜುಟ್ಟಾಯಿತು. ನನ್ನ ಬೈಕಿನ ಕೈಗವಸುಗಳನ್ನೂ ಬಿಡಲಿಲ್ಲ. ಎಲ್ಲದಕ್ಕೂ ಗೇಟಿಗೆ ಹೊಡೆಯುವ ಬೆಳ್ಳಿ ಬಣ್ಣ. ಆ ವಾಸನೆಗೆ ಅವ್ವ ಮೂಗಿಗೆ ಸೆರಗು ಒತ್ತಿಕೊಂಡು ಜಪಾನನ್ನು ಮನೆಯಿಂದ ಹೊರಹಾಕಿದಳು. ವಾಸನೆ ಹೋಗುವವರೆಗೆ ಇರಲಿ ಎಂದು ನಿಂಬರ್ಗಾದ ಸೋದರಮಾವನ ಹೊಲಕ್ಕೆ ಒಯ್ದು ಕೊಟ್ಟೆವು. ಮಾಮಾ ಒಂದು ಕೋಲು ಹುಗಿದು, ಅಡ್ಡಕ್ಕೆ ಇನ್ನೊಂದು ಕಟ್ಟಿ, ಕವಚವನ್ನೆಲ್ಲ ಅದಕ್ಕೇ ತೊಡಿಸಿದ. ಕೈಗವಸು ಜೋತುಬೀಳಬಾರದೆಂದು ಒಳಗೆ ಒಣಗಿದ ಜೋಳದ ದಂಟು, ಕಣಿಕಿಯನ್ನೂ ತುಂಬಿದ.

ಸಮ್ಮೇಳನದ ದಿನ ಬೆಳಿಗ್ಗೆ ವೇಷ ತರಲು ಹೋದೆವು. ಎದೆಯುದ್ದದ ಜೋಳದ ನಡುವೆ ಕಾವಲುಗಾರ ಮಿರಮಿರ ಮಿಂಚುತ್ತ ನಿಂತಿದ್ದ. ತೋಳಿಗೆ ಅತ್ತೆಯ ಬುತ್ತಿ ಚೀಲ ತೂಗುತ್ತಿತ್ತು. ಬೆಳಕು ಹೇಗಿದೆ ನೋಡೋಣವೆಂದು ನಾನು ಆಗಲೇ ಒಂದಿಷ್ಟು ಫೋಟೊ ಹೊಡೆದೆ. ಈ ಮಾತನ್ನು ನೆನಪಿಡಿ. ನಾನು ಇಡಲಿಲ್ಲ.

"ಮಾಮಾ, ವೇಷ ಒಯ್ಯಾಕ ಬಂದೇನಿ."

"ಒಯ್ಯಾಕ? ಅದು ಕೆಲಸಕ್ಕ ಹತ್ಯಾದ ಬೇ," ಅಂದ ಮಾಮಾ. "ತೆನ್ಯಾಗ ಕಾಳು ಹಾಲು ತುಂಬ್ಯಾವ. ಅದು ನಿಂತಾಗಿಂದ ಒಂದ್ ಗುಬ್ಬಿ ಹಾಯ್ದಿಲ್ಲ. ರಾಶಿ ಆದ್ಮ್ಯಾಲ ಒಯ್ಯಿ."

"ರಾಶಿ ಆಗೂತನಾ ಜೇವರ್ಗ್ಯಾಗ ಯಾರ್ ಕಾಯ್ತಾರ?"

ಅತ್ತೆ ಬುತ್ತಿ ಬಿಚ್ಚಿ ರೊಟ್ಟಿ ಹಂಚುತ್ತ ಅಂದಳು: "ನೋಡವ್ವಾ, ನಿಮ್ಮ ಮಾಮಾ ಮದಿವ್ಯಾದಾಗಿಂದ ಇದೇ ಹೊಲದಾಗ ನಿಂತಾರ. ಒಂದರ ಗುಬ್ಬಿ ಹೆದರೇದೇನು ಕೇಳು."

"ಹೆಂಗ ಹೆದರ್ತಾವ? ನಿನ್ನ ಬಾಯಿ ಕೇಳಿ ಕೇಳಿ ಅವಕ್ಕ ರೂಢಿ ಆಗ್ಯಾದ."

ಕಡೆಗೆ ಮಾಮಾ ಒಂದು ಕರಾರಿಗೆ ಬಂದ. ಅತ್ತೆಯ ಹಳೆ ಸೀರೆ ಸುತ್ತಿ ಹೊಸ ಗೊಂಬೆ ಕಟ್ಟುತ್ತಾನೆ. ಅದಾಗುವವರೆಗೆ ಹೊಲ ಖಾಲಿ ಬಿಡುವಂತಿಲ್ಲ, ಗುಬ್ಬಿಗಳಿಗೆ ಗೊತ್ತಾಗಿಬಿಡುತ್ತದೆ.

"ಖಾಲಿ ಯಾಕ? ನಾನೇ ನಿಂದರ್ತೇನಿ," ಅಂದಳು ತಂಗಿ. ಕೋಲಿನಿಂದ ಕವಚ ಬಿಚ್ಚಿ, ಕಣಿಕಿ ಕೊಡವಿ, ಎಲ್ಲವನ್ನೂ ತೊಟ್ಟುಕೊಂಡಳು. ಮಾಮಾ ಕೋಲು ಕಿತ್ತ ಜಾಗದಲ್ಲೇ ಹೋಗಿ ಕೈಚಾಚಿ ನಿಂತಳು.

ನಾನು ಫೋಟೊ ತೆಗೆಯುತ್ತಲೇ ಹೋದೆ. ಅವಳು ಅಲುಗಲೇ ಇಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಅವಳು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ. ಬುತ್ತಿಯ ಡಬ್ಬಿ ತೊಳೆಯಲು ಬೋರ್‌ವೆಲ್ಲಿಗೆ ಹೋಗಿದ್ದ ಅತ್ತೆಗೆ ಈ ಕರಾರು ಗೊತ್ತಿರಲಿಲ್ಲ. ಬಂದವಳೇ ರೂಢಿಯಂತೆ ಚೀಲವನ್ನು ಕಾವಲುಗಾರನ ತೋಳಿಗೆ ತೂಗುಹಾಕಿ ಬೆನ್ನು ತಿರುಗಿಸಿದಳು. ನಾನು ಫೋಟೊ ಒತ್ತುತ್ತಲೇ ಇದ್ದೆ. ಸ್ವಲ್ಪ ಹೊತ್ತಿಗೆ ಕೊಡದೊಳಗಿಂದ ದನಿ ಬಂತು:

"ಅತ್ತಿ, ಭಾರ ಆಗಾಕತ್ತದ."

ಅತ್ತೆ ಕಿರುಚಿದ ರಭಸಕ್ಕೆ ಪಕ್ಕದ ಹೊಲದ ಗುಬ್ಬಿಗಳೂ ಎದ್ದು ಹೋದವು. "ನಿನ್ನ ಬಾಯಾಗ ಮಣ್ಣ ಹಾಕ, ಜೀವಾ ಹೋಗಿತ್ತಲ್ಲೇ!" ಎಂದು ಅವಳು ಅಂದಳೆಂದು ತಂಗಿ ಹೇಳುತ್ತಾಳೆ. ಅತ್ತೆ ಪ್ರಕಾರ ಅವಳು ದೇವರ ಹೆಸರಷ್ಟೇ ತೆಗೆದದ್ದು.

ವೇಷವನ್ನು ಗೊಬ್ಬರದ ಚೀಲದಲ್ಲಿ ತುರುಕಿ ಅಫಜಲಪುರದ ಬಸ್ ಹಿಡಿದೆವು. ಅಲ್ಲಿ ಜೇವರ್ಗಿಯ ಬಸ್ಸಿಗೆ ಕಾಯುತ್ತ ತಂಗಿ ನನ್ನ ಫೋನ್ ಕಸಿದುಕೊಂಡು, ಉದ್ದಕ್ಕೂ ಸರಿಸಿ ನೋಡಿ, ಒಂದರ ಮೇಲೆ ಬೆರಳಿಟ್ಟಳು: "ಇದು ಅಣ್ಣಾ. ಇದೇ ನಾನು." ಅದನ್ನೇ ಕಳಿಸಿದೆ.

ಹಾಲ್‌ನಲ್ಲಿ ನಾನು ತೆಗೆದ ಫೋಟೊಗಳ ಬಗ್ಗೆ ಹೇಳುವಂಥದ್ದೇನಿಲ್ಲ. ಎಲ್ಲದರಲ್ಲೂ ಹಿಂದೆ ಮದುವೆಯ ಕೆಂಪು ಸೋಫಾ, ಮುಂದೆ ಯಾರದೋ ಕತ್ತಿ, ನಡುವೆ ಬೆವರಿಳಿಯುವ ಕೊಡ. ಸಂಜೆಯ ಹೊತ್ತಿಗೆ ಬಾಗಿಲಲ್ಲಿ ಗದ್ದಲವಾಯಿತು. ಹಿಂದಿನ ದಿನದ ವಧೂವರರ ಹೆಸರಿದ್ದ ಹೂವಿನ ಚೌಕಟ್ಟಿನೊಳಗೆ ನಮ್ಮ ಕಾವಲುಗಾರ ಜೋಳದ ನಡುವೆ, ಬುತ್ತಿ ಚೀಲ ಸಮೇತ ನಿಂತಿದ್ದ. ತಂಗಿ ಕೊಡ ತೆಗೆದು ಅದರ ಪಕ್ಕದಲ್ಲಿ ನಿಂತಳು. ಕೆನ್ನೆಗೆಲ್ಲ ಬೆಳ್ಳಿ ಬಣ್ಣ ಹತ್ತಿತ್ತು. ಅವಳು ಅಷ್ಟು ಖುಷಿಯಾಗಿದ್ದದ್ದನ್ನು ನಾನು ನೋಡಿರಲಿಲ್ಲ.

ವೇಷಗಳಿಗೆ ಅಂಕ ಹಾಕುತ್ತಿದ್ದ ನೀಲಿ ಕೂದಲಿನ ತೀರ್ಪುಗಾರ್ತಿ ಬಂದು ಭುಜದ ಕವಚ ಮುಟ್ಟಿ ನೋಡಿದಳು. "ಹಳೇದು ಕಾಣ್ಲಿ ಅಂತ ಏನ್ ಹಚ್ಚೀರಿ? ಭಾಳ ಖರೇ ಅನಸ್ತದ."

"ಗುಬ್ಬಿ ಹಿಕ್ಕಿರಿ," ಅಂದಳು ತಂಗಿ. ಒಂದು ಗುಬ್ಬಿಯೂ ಹಾಯ್ದಿಲ್ಲ ಎಂದ ಮಾಮಾನ ಮಾತಿಗೆ ಉತ್ತರ ಅಲ್ಲಿ ಬೆಳ್ಳಗೆ ಒಣಗಿತ್ತು.

"ಮತ್ತ ಈ ಫೋಟೊದಾಗ ಜೀವಾನೇ ಇಲ್ಲದಂಗ ನಿಂತೀರಲ್ಲ. ಹೆಂಗ್ರಿ?"

"ಉಸಿರು ಹಿಡದಿದ್ದೆರಿ."

ನಾನು ಆಗ ಫ್ಲೆಕ್ಸ್ ಹತ್ತಿರ ಹೋಗಿ ನೋಡಿದೆ. ಕಾಲು ಜೋಳದಲ್ಲಿ ಮುಳುಗಿತ್ತು. ಕೈಗವಸು ಉಬ್ಬಿತ್ತು, ಬೆರಳಿನಿಂದಲೂ ಉಬ್ಬುತ್ತದೆ, ಕಣಿಕಿಯಿಂದಲೂ ಉಬ್ಬುತ್ತದೆ. ಚೀಲ ಕೋಲಿನ ತೋಳಿಗೂ ಇತ್ತು, ಇವಳ ತೋಳಿಗೂ ಇತ್ತು. ಫೋನ್ ಜೇಬಿಗಿಟ್ಟು ತಂಗಿಯ ಕೊಡ ಹಿಡಿದುಕೊಂಡೆ.

ಆ ಅನುಮಾನ ಬಾಯಿಬಿಟ್ಟು ಹೇಳಿದವನು ಮಾಮಾ. ಮುಂದಿನ ವಾರ ಮನೆಗೆ ಬಂದು ಫೋಟೊ ನೋಡಿದವನೇ, "ಇದು ನಾ ಹುಗದ ಕೋಲು. ನೋಡು, ಎಡಕ್ಕ ವಾಲೇದ," ಅಂದ.

"ಅತ್ತಿ ಚೀಲದ ಭಾರಕ್ಕ ನನ್ನ ಹೆಗಲು ವಾಲೇದ," ಅಂದಳು ತಂಗಿ, ಮುಖ ಕೆಂಪಾಗಿ.

"ನಾ ಹುಗದಿದ್ದು ನನಗ ಗೊತ್ತಿಲ್ಲೇನ್ ಬೇ?"

"ನಾ ನಿಂತಿದ್ದು ನನಗ ಗೊತ್ತಿಲ್ಲೇನು?"

ಈಗ ಆ ಫೋಟೊ ಎರಡು ಮನೆಗಳ ಗೋಡೆಯ ಮೇಲಿದೆ. ಆಳಂದದಲ್ಲಿ ಅವ್ವ ಬಂದವರಿಗೆಲ್ಲ "ಇಕಿ ನನ್ನ ಮಗಳ್ರಿ" ಎಂದು ತೋರಿಸುತ್ತಾಳೆ. ನಿಂಬರ್ಗಾದಲ್ಲಿ ಮಾಮಾ "ಇದು ನಮ್ಮ ಹೊಲದ ಗೊಂಬಿ" ಎಂದು ತೋರಿಸುತ್ತಾನೆ. ಫೋಟೊ ತೆಗೆದವನು ನೀನೇ, ಹೇಳು ಎಂದು ತಂಗಿ, ಮಾಮಾ ಇಬ್ಬರೂ ನನ್ನ ಕಡೆ ನೋಡುತ್ತಾರೆ. ಆ ಫೋನ್ ಕೆಟ್ಟುಹೋಗಿದೆ. ಉಳಿದ ಚಿತ್ರಗಳೂ ಅದರೊಂದಿಗೆ ಹೋದವು. ತಂಗಿ ಕೇಳಿದಾಗ ನೀನೇ ಅನ್ನುತ್ತೇನೆ. 

ನಾನು ಎದುರಿಗೇ ನಿಂತಿದ್ದೆ, ಒತ್ತಿದ ಬೆರಳೂ ನನ್ನದೇ. ಒಳಗೆ ಅವಳಿದ್ದಳೋ ಕೋಲಿತ್ತೋ, ನನಗೆ ಗೊತ್ತಿಲ್ಲ.