ಸಾಧು ಮೊಲ

ಮೊಲದಕ್ಕ ಎಂದು ಮೊದಲು ಕರೆದವರು ಯಾರೋ, ಅವಳಿಗೇ ನೆನಪಿಲ್ಲ. ಪ್ರಾಣಿಗಳ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ನರ್ಸ್ ಆಗಿದ್ದವಳು. ಮಂಡಿ ಕೈಕೊಟ್ಟ ಮೇಲೆ ಆಸ್ಪತ್ರೆಯವರು ಬೇರೆ ಕೆಲಸ ಹಚ್ಚಿದರು: ಸಾಕುಪ್ರಾಣಿ ಮಾರುವ ಅಂಗಡಿಗಳಿಗೆ ಹೋಗಿ ಅಲ್ಲಿಯ ಕೆಲಸದವರಿಗೂ ಕೊಳ್ಳಲು ಬಂದವರಿಗೂ ತಿಳಿವಳಿಕೆ ಹೇಳುವುದು. ಮಂಡಿನೋವಿನವಳಿಗೆ ಊರು ಸುತ್ತುವ ಕೆಲಸ ಕೊಟ್ಟ ಮಹಾನುಭಾವರಿಗೆ ಏನೆನ್ನಬೇಕೋ! ಆರು ವರ್ಷ ಗಂಟಲು ಹರಿದುಕೊಂಡಳು. ಮೀನಿನ ತೊಟ್ಟಿಯ ನೀರನ್ನೆಲ್ಲ ಒಂದೇ ಸಲಕ್ಕೆ ಚೆಲ್ಲಬೇಡಿ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಮುಂದಿನ ವಾರ ಹೋದರೆ ತೊಟ್ಟಿ ಫಳಫಳ ಹೊಳೆಯುತ್ತಿರುತ್ತದೆ, ಮೀನು ಮಾತ್ರ ಇರುವುದಿಲ್ಲ.

ಅವಳಿಗೆ ಸಾಕಾಗಿತ್ತು. ತಿಂಗಳ ಕೊನೆಗೆ ಬಿಟ್ಟುಬಿಡುತ್ತೇನೆಂದು ತಂಗಿಗೆ ಮಾತು ಕೊಟ್ಟಿದ್ದಳು. ಉಳಿದದ್ದು ಒಂದೇ ಆಸೆ: ಅಷ್ಟರೊಳಗೆ ಒಬ್ಬರಾದರೂ ‘ಸಾಧು’ ಎನ್ನುವುದನ್ನು ಬಿಡುವಂತೆ ಮಾಡಬೇಕು. ಆ ಪದ ಕೇಳಿದರೆ ಅವಳಿಗೆ ಮೈಯೆಲ್ಲ ಉರಿ. ಎತ್ತಿಕೊಂಡರೂ ಕೊಸರಾಡದ ಮೊಲ ಅಂಗಡಿಯವರಿಗೆ ಸಾಧು, ಗರಿಯುಬ್ಬಿಸಿಕೊಂಡು ತೂಕಡಿಸುವ ಗಿಳಿಯೂ ಸಾಧು. ಅವಳ ಕಣ್ಣಿಗೆ ಅವೆಲ್ಲ ರೋಗಿಗಳು. ಮೊಲ ತನಗೆ ನೋವೆಂದು ಕೂಗಿ ಹೇಳುವುದಿಲ್ಲ, ಸುಮ್ಮನಾಗಿಬಿಡುತ್ತದೆ.

ಆ ಸೋಮವಾರ ಅಂಗಡಿಯೊಂದರ ಬಾಗಿಲಲ್ಲೇ ಆ ಪದ ಕಿವಿಗೆ ಬಿತ್ತು. ಕೌಂಟರಿನಾಕೆ ವಯಸ್ಸಾದ ಯಜಮಾನರೊಬ್ಬರಿಗೆ ಕಂದು ಮೊಲ ತೋರಿಸುತ್ತಿದ್ದಳು.

“ತುಂಬಾ ಸಾಧು ಸಾರ್. ಒಂಚೂರೂ ಗಲಾಟೆ ಇಲ್ಲ.”

“ಅಂಥದ್ದೇ ಬೇಕಮ್ಮ. ನಮ್ಮನೆಯವಳಿಗೆ ಸದ್ದು ಆಗಲ್ಲ.”

ಮೊಲದಕ್ಕ ಚೀಲ ಕೆಳಗಿಟ್ಟು ಪಂಜರದ ತಳದ ತಟ್ಟೆ ಎಳೆದು ನೋಡಿದಳು. ಒಂದು ಹಿಕ್ಕೆಯೂ ಇರಲಿಲ್ಲ. ಹುಲ್ಲು ಹಾಕಿದ್ದು ಹಾಕಿದ ಹಾಗೇ ಇತ್ತು.

“ಇದು ಯಾವಾಗಿಂದ ತಿಂದಿಲ್ಲ?”

“ನಿನ್ನೆಯಿಂದ ಇರ್ಬೇಕಕ್ಕ. ಅದು ತಿನ್ನೋದೇ ಕಮ್ಮಿ.”

“ಕಮ್ಮಿ ಅಲ್ಲ ತಾಯಿ, ಹೊಟ್ಟೆ ನಿಂತುಹೋಗಿದೆ. ಹೀಗೇ ಬಿಟ್ರೆ ನಾಳೆಗೆ ಇರಲ್ಲ. ಸುಮ್ಮನೆ ಕೂತಿದ್ದು ಕಂಡ್ರೆ ಮೊದಲು ಕೇಳ್ಬೇಕಾದ್ದು ಒಂದೇ, ತಿಂತಾ ಇದೆಯಾ ಅಂತ. ಎಷ್ಟು ಸಲ ಹೇಳಿದೀನಿ?”

ಕೌಂಟರಿನಾಕೆಯ ಮುಖ ಸಪ್ಪಗಾಯಿತು. ಒಳಗಿಂದ ಬಂದ ಮಾಲೀಕ ಮುಖ ಗಂಟಿಕ್ಕಿ, “ಏನಕ್ಕ, ಬಂದ ಗಿರಾಕಿನ ಓಡಿಸೋಕೇ ಬರ್ತೀರಾ?” ಎಂದ. ಮೊಲದಕ್ಕ ಮೊಲವನ್ನು ರಟ್ಟಿನ ಪೆಟ್ಟಿಗೆಗೆ ಹಾಕಿಕೊಂಡು ಆಸ್ಪತ್ರೆಗೆ ಹೊರಟಳು. ಶುಕ್ರವಾರ ಬನ್ನಿ ಎಂದು ಯಜಮಾನರಿಗೆ ಹೇಳಿದಳು.

ನಾಲ್ಕು ದಿನ ಪ್ರಾಣ ಹಿಂಡಿತು ಆ ಮೊಲ. ಡಾಕ್ಟರು ಸೂಜಿ ಚುಚ್ಚಿ ಔಷಧಿ ಕೊಟ್ಟರು. ಗಂಟೆ ಗಂಟೆಗೂ ಸಿರಿಂಜಿನಲ್ಲಿ ಗಂಜಿಯಂಥ ಆಹಾರ ಹಿಂಡುವ ಕೆಲಸ ಇವಳ ಪಾಲಿಗೆ ಬಂತು. ಇದೇ ಕಡೆಯದು, ಆಮೇಲೆ ಯಾರ ಮೊಲವೂ ಬೇಡ ಎಂದು ಗೊಣಗುತ್ತಲೇ ತಿನ್ನಿಸಿದಳು. ಬುಧವಾರ ಬೆಳಿಗ್ಗೆ ತಟ್ಟೆಯಲ್ಲಿ ಐದು ಹಿಕ್ಕೆ ಕಂಡಾಗ ಅವಳಿಗಾದ ಸಂತೋಷ, ಪಾಪ, ಯಾರ ಹತ್ತಿರ ಹೇಳಿಕೊಳ್ಳುವಂಥದ್ದೂ ಅಲ್ಲ.

ಶುಕ್ರವಾರ ಅಂಗಡಿಗೆ ತಂದಾಗ ಮೊಲ ಪೆಟ್ಟಿಗೆಯನ್ನೇ ಕಡಿದು ತೂತು ಮಾಡಿತ್ತು. ಯಜಮಾನರು ಎತ್ತಿಕೊಳ್ಳಲು ಹೋದರೆ ಹಿಂಗಾಲಿನಿಂದ ಝಾಡಿಸಿ ಒದ್ದು, ಕೈ ಗೀರಿತು.

“ಇದು ಅದೇನಾ?” ಯಜಮಾನರು ಕೈ ಒರೆಸಿಕೊಂಡರು. “ಅವತ್ತಿನ ಹಾಗಿರೋದು ಬೇರೆ ಇಲ್ವಾ? ಅದು ಸಾಧುವಾಗಿತ್ತು.”

“ಅದು ಸಾಧು ಅಲ್ಲ ಸಾರ್,” ಎಂದಳು ಕೌಂಟರಿನಾಕೆ. “ಅದಕ್ಕೆ ಹುಷಾರಿರ್ಲಿಲ್ಲ.”

ಮೊಲದಕ್ಕ ತನ್ನ ಕಿವಿಯನ್ನೇ ನಂಬಲಿಲ್ಲ. ಆರು ವರ್ಷ ಕಾದ ಮಾತು ಅದು. ಸದ್ಯ, ಇನ್ನು ಮನೆಗೆ ಹೋಗಿ ಕಾಲು ಚಾಚಬಹುದು ಎಂದುಕೊಂಡಳು.

ಯಜಮಾನರಿಗೆ ಒಪ್ಪಿಗೆಯಾಗಲಿಲ್ಲ. “ಇರಬಹುದಮ್ಮ. ಆದ್ರೆ ನಮ್ಮನೆಯವಳ ಜೊತೆಗೆ ಅಂಥದ್ದೇ ಹೊಂದ್ಕೊಳ್ಳೋದು. ಮೊದಲೆಲ್ಲ ಅವಳೂ ಹೀಗೇ ಜೋರು, ಇಡೀ ದಿನ ನನ್ನ ಮೇಲೆ ರೇಗ್ತಿದ್ಳು. ಈಗೆರಡು ತಿಂಗಳಿಂದ ಏನು ಸಾಧು ಆಗಿದಾಳೆ ಅಂತೀರಿ! ಒಂದು ಮಾತಿಲ್ಲ ಕತೆಯಿಲ್ಲ. ಗೋಡೆ ಕಡೆ ತಿರುಗಿ ಮಲಗಿಬಿಡ್ತಾಳೆ. ಮನೆ ಎಷ್ಟು ನೆಮ್ಮದಿಯಾಗಿದೆ ಗೊತ್ತಾ?”

ಮೊಲದಕ್ಕ ಬಾಯಿ ತೆರೆಯುವುದರೊಳಗೆ ಕೌಂಟರಿನಾಕೆ ಮೊಲವನ್ನು ಪಂಜರಕ್ಕೆ ಬಿಟ್ಟು ಬಾಗಿಲು ಮುಚ್ಚಿ, ಮೆಲ್ಲಗೆ ಕೇಳಿದಳು.

“ಅಮ್ಮ ಊಟ ಮಾಡ್ತಾ ಇದಾರಾ ಸಾರ್?”

“ಅವಳು ತಿನ್ನೋದೇ ಕಮ್ಮಿ…” ಎಂದವರೇ ಯಜಮಾನರು ಮೊಲವನ್ನು ಅಲ್ಲೇ ಬಿಟ್ಟು ಬೇಗಬೇಗ ಮನೆಯ ಕಡೆ ಹೊರಟರು.