ಅಡಿಪಾಯವಿಲ್ಲದ ಕಲ್ಲು

ತೊಂಬತ್ತರ ದಶಕದಲ್ಲಿ ನಾನು ದೋಹಾದ ಒಂದು ಕಟ್ಟಡ ಕಂಪನಿಯಲ್ಲಿ ಎಸ್ಟಿಮೇಟರ್ ಆಗಿದ್ದೆ. ಅಲ್ ಹಿಲಾಲ್‌ನಲ್ಲಿ ಆಫೀಸು, ಬಿನ್ ಒಮ್ರಾನ್‌ನಲ್ಲಿ ರೂಮು. ಯಾರೋ ಕಟ್ಟಿಸಲಿರುವ ಮನೆಗೆ ಎಷ್ಟು ಸಿಮೆಂಟು, ಎಷ್ಟು ಕಬ್ಬಿಣ, ಎಷ್ಟು ಆಳು ಬೇಕೆಂದು ಲೆಕ್ಕ ಹಾಕಿ ಕೊಡುವುದು ನನ್ನ ಕೆಲಸ. ಯಾಕೆ ಕಟ್ಟಿಸುತ್ತಾರೆ ಎಂಬ ಉಸಾಬರಿ ನನಗಿರಲಿಲ್ಲ. ಅದಿದ್ದದ್ದು ನನ್ನ ಮೇಲಿನ ಇಂಜಿನಿಯರಿಗೆ. ಅವರು ಈಜಿಪ್ಟಿನವರು, ತಲೆ ಪೂರ್ತಿ ನರೆತಿತ್ತು. ಯಾವ ಡ್ರಾಯಿಂಗ್ ಬಿಚ್ಚಿದರೂ ಅವರ ಮೊದಲ ಪ್ರಶ್ನೆ, "ಇದು ಯಾತಕ್ಕೆ?" ಟೆಂಡರ್ ಕೊಡುವ ಅವಸರದಲ್ಲಿ ಅದನ್ನು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ಚಹಾದ ಹೊತ್ತಿನಲ್ಲಿ ನಾನು ಕಾಲೆಳೆದೆ. "ನಿಮ್ಮವರು ಪಿರಮಿಡ್ ಕಟ್ಟುವಾಗ ಇದು ಯಾತಕ್ಕೆಂದು ಯಾರಾದರೂ ಕೇಳಿದ್ದರಾ ಸಾರ್? ಸತ್ತ ಒಬ್ಬನಿಗೋಸ್ಕರ ಇಡೀ ದೇಶದ ಬೊಕ್ಕಸ ಖಾಲಿ!"

ಅವರು ನಗಲಿಲ್ಲ. "ಕೂತುಕೋ ಹಬೀಬಿ, ಎಸ್ಟಿಮೇಟ್ ಮಾಡೋಣ" ಎಂದರು. ಆಗ ನಾಣ್ಯವೇ ಇರಲಿಲ್ಲವಂತೆ. ಖರ್ಚೆಂದರೆ ಆಳುಗಳ ರೊಟ್ಟಿ, ಈರುಳ್ಳಿ, ಬಿಯರು. ಕಲ್ಲು ಸಾಗಿಸುವ ದೋಣಿಗಳು. ಬೇಗ ಸವೆದು ಹೋಗುವ ತಾಮ್ರದ ಉಳಿಗಳು. ಇಷ್ಟಕ್ಕೆಲ್ಲ ಧಾನ್ಯ ಬರುತ್ತಿದ್ದದ್ದು ಹಳ್ಳಿಗಳ ಗದ್ದೆಯಿಂದ. ನೈಲ್ ನದಿಯ ನೆರೆ ಗದ್ದೆಗಳಿಗೆ ನುಗ್ಗಿದಾಗ ರೈತನಿಗೆ ಕೆಲಸವಿಲ್ಲ, ಆಗ ರಾಜ ಕರೆಸಿ ಕಲ್ಲು ಎಳೆಸುತ್ತಿದ್ದ, ಊಟ ಹಾಕುತ್ತಿದ್ದ.

"ಹಾಗಾದರೆ ನಷ್ಟವೇ ಇಲ್ಲ ಅನ್ನಿ."

"ಇದೆ. ರೊಟ್ಟಿ ತಿಂದವನ ಸೊಂಟ ಮುರಿದದ್ದನ್ನು ನೀನು ಯಾವ ಕಾಲಮ್ಮಿನಲ್ಲಿ ಬರೀತಿ?"

ಅವರೇ ಮುಂದುವರಿಸಿದರು. "ರಾಜನಿಗೆ ಬೇಕಾದದ್ದು ಒಂದೇ. ಸತ್ತ ಮೇಲೆ ತನ್ನನ್ನು ಯಾರೂ ಮುಟ್ಟಬಾರದು. ಅದಕ್ಕೆ ಮೇಲೊಂದು ಗುಡ್ಡ ಕಟ್ಟಿಸಿದ. ಆ ಗುಡ್ಡ ಕಳ್ಳರಿಗೆ ದೂರದಿಂದಲೇ ದಾರಿ ತೋರಿಸಿತು. ಈಗ ಒಳಗೆ ಹೋಗಿ ನೋಡು, ರಾಜನಿಲ್ಲ. ಖಲಾಸ್."

ಸತ್ತ ಮೇಲೆ ತನ್ನನ್ನು ಯಾರೂ ಮುಟ್ಟಬಾರದು. ಅಮ್ಮ ಸಾಯುವ ಮೊದಲು ಕೇಳಿಕೊಂಡದ್ದೂ ಅದನ್ನೇ.

ಉಡುಪಿಯ ಕಡಲ ಬದಿಯ ನಮ್ಮ ಇಗರ್ಜಿಯ, ಅಂದರೆ ಚರ್ಚಿನ, ಸ್ಮಶಾನದಲ್ಲಿ ಜಾಗ ಕಡಿಮೆ. ಸಾಮಾನ್ಯರ ಗುಂಡಿಯನ್ನು ಕೆಲವು ವರ್ಷಗಳ ನಂತರ ಮತ್ತೆ ಅಗೆದು ಬೇರೆಯವರನ್ನು ಮಣ್ಣು ಮಾಡುತ್ತಾರೆ. ಹಾಗೆ ಒಮ್ಮೆ ಅಗೆಯುವಾಗ ಅಜ್ಜಿಯ ಕೈಗೆ ಸುತ್ತಿದ್ದ ಜಪಮಾಲೆ ಮಣ್ಣಿನ ಜೊತೆ ಮೇಲೆ ಬಂದದ್ದನ್ನು ಅಮ್ಮ ಕಣ್ಣಾರೆ ಕಂಡಿದ್ದಳು. "ನನ್ನನ್ನು ಮಾತ್ರ ಎಬ್ಬಿಸಬೇಡಿ ಮಕ್ಕಳೇ" ಎಂದು, ನಾನು ರಜೆಯಲ್ಲಿ ಊರಿಗೆ ಹೋಗಿದ್ದಾಗ, ನನ್ನ, ಅಣ್ಣನ ಕೈ ಹಿಡಿದು ಹೇಳಿದ್ದಳು. ಅವಳು ಹೋದ ಮೇಲೆ ಅಣ್ಣ ಫಾದರ್ ಹತ್ತಿರ ಮಾತಾಡಿ ಅವಳ ಗುಂಡಿಯ ಜಾಗವನ್ನು ಕಾಯಂ ಮಾಡಿಸಿದ. ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಪಕ್ಕದ ಸಾಲಿನಲ್ಲಿ ಕುವೈತಿನಲ್ಲಿ ದುಡಿಯುವ ಊರಿನವರೊಬ್ಬರು ತಂದೆಗೆ ಕಪ್ಪು ಗ್ರಾನೈಟಿನ ಸಮಾಧಿ ಕಟ್ಟಿಸಿದ್ದರು.

"ಅಮ್ಮನಿಗೂ ನಾಲ್ಕು ಕಂಬ, ಮೇಲೆ ಮಂಟಪ, ಮಂಟಪದ ಮೇಲೆ ದೇವದೂತ" ಎಂದು ಅಣ್ಣ ಆ ವಾರವೇ ಫೋನಿನಲ್ಲಿ ಹೇಳಿದ. "ಕೆಲಸದವರಿಗೆ ಹೇಳಿಯಾಗಿದೆ. ಎಸ್ಟಿಮೇಟ್ ನೀನೇ ಮಾಡು ಮಾರಾಯ, ನಿನಗಿಂತ ಗೊತ್ತಿದ್ದವರು ಯಾರು?"

ನನಗೆ ಹೆಮ್ಮೆಯೇ ಆಯಿತು. ಅಮ್ಮನನ್ನು ಮಣ್ಣು ಮಾಡುವಾಗ ನಾನು ಊರಿನಲ್ಲಿರಲಿಲ್ಲ. ಇಷ್ಟಾದರೂ ನನ್ನ ಕೈಯಿಂದ ಆಗಲಿ ಎನಿಸಿತು. ಶುಕ್ರವಾರ ಬೆಳಿಗ್ಗೆ ರೂಮಿನಲ್ಲಿ ಹಾಳೆ ಹರಡಿ ಕೂತೆ. ಯಾವ ಎಸ್ಟಿಮೇಟಾದರೂ ಮೊದಲ ಸಾಲು ಒಂದೇ. ಕೈ ತಾನಾಗಿ ಬರೆಯುತ್ತದೆ: ಮಣ್ಣು ಅಗೆತ.

ಬರೆದು, ಅಳತೆ ಹಾಕಲು ಹೊರಟವನು ನಿಂತೆ. ಅದು ಹೊಯಿಗೆ ನೆಲ, ಬರೀ ಮರಳು. ಅಷ್ಟು ಭಾರದ ಮಂಟಪ ನಿಲ್ಲಬೇಕಾದರೆ ನಾಲ್ಕೂ ಕಂಬಕ್ಕೆ ಆಳದ ಗುಂಡಿ ಬೇಕು. ಎರಡು ಅಮ್ಮನ ತಲೆಯ ಹತ್ತಿರ, ಎರಡು ಕಾಲಿನ ಹತ್ತಿರ. ಹೊಯಿಗೆ ಸುಮ್ಮನೆ ನಿಲ್ಲುವ ಜಾತಿಯಲ್ಲ, ಪಕ್ಕದಿಂದ ಜರಿಯುತ್ತದೆ, ಪೆಟ್ಟಿಗೆ ಕಾಣಿಸಿಯೇ ಕಾಣಿಸುತ್ತದೆ. ಅವಳನ್ನು ಎಬ್ಬಿಸಬಾರದೆಂದು ಕಟ್ಟುವವರು ಮೊದಲು ಅವಳನ್ನೇ ಎಬ್ಬಿಸುತ್ತೇವೆ. ಪೆನ್ನು ಕೆಳಗಿಟ್ಟು ಅತ್ತುಬಿಟ್ಟೆ. ಅವಳು ಹೋದಾಗಲೂ ಅಷ್ಟು ಅತ್ತಿರಲಿಲ್ಲ.

ಫೋನ್ ಕಾರ್ಡ್ ಹಿಡಿದು ರಸ್ತೆಯ ಬೂತಿಗೆ ಓಡಿದೆ. "ಅಣ್ಣ, ಕೆಲಸದವರನ್ನು ನಿಲ್ಲಿಸು. ಪಿಕ್ಕಾಸು ಹಾಕಿ ಅಗೆಯಲಿಕ್ಕಿಲ್ಲ. ಮೇಲೊಂದು ಹಾಸುಗಲ್ಲು ಸಾಕು" ಎಂದೆ.

"ಅಡಿಪಾಯ ಇಲ್ಲದೆಯಾ? ಜನ ಏನು ಹೇಳಿಯಾರು? ಒಬ್ಬ ಗಲ್ಫ್‌ನಲ್ಲಿ ಬಿಲ್ಡಿಂಗ್ ಕಟ್ಟುವ ಮಗ ಬೇರೆ!"

"ಇದು ಯಾತಕ್ಕೆ ಅಣ್ಣ? ಜನಕ್ಕಾ, ಅಮ್ಮನಿಗಾ?"

ಇಂಜಿನಿಯರರ ಪ್ರಶ್ನೆ ನನ್ನ ಬಾಯಿಯಿಂದ ಹೇಗೆ ಬಂತೋ. ಕಾರ್ಡಿನ ದುಡ್ಡು ಇಳಿಯುತ್ತಿತ್ತು, ಇಳಿಯಲಿ ಎಂದು ಹಿಡಿದುಕೊಂಡೇ ನಿಂತೆ. ಕೊನೆಗೆ ಅಣ್ಣ, "ಜಪಮಾಲೆ ಸಿಕ್ಕಿದ ದಿನ ನಾನೂ ಅಲ್ಲಿದ್ದೆ ಮಾರಾಯ" ಎಂದ.

ಹಾಸುಗಲ್ಲು ಹಾಕಿಸಿದೆವು, ಬರೀ ಹೊಯಿಗೆಯ ಮೇಲೆ. ಎರಡು ಮಳೆಗಾಲ ಕಳೆದು ರಜೆಯಲ್ಲಿ ಊರಿಗೆ ಹೋದಾಗ ಅದು ಒಂದು ಬದಿಗೆ ವಾಲಿತ್ತು. ನಮ್ಮ ಕಸುಬಿನವರು ಯಾರು ಕಂಡರೂ ನಕ್ಕಾರು. ಮೇಣದಬತ್ತಿ ಇಟ್ಟರೆ ಮೇಣ ಎಲ್ಲ ಒಂದೇ ಕಡೆಗೆ ಹರಿಯುತ್ತದೆ. ನೆಟ್ಟಗೆ ಮಾಡಿಸೋಣವೇ ಎಂದು ಸ್ಮಶಾನದ ಕೆಲಸದವನು ಈಗಲೂ ವರ್ಷಕ್ಕೊಮ್ಮೆ ಕೇಳುತ್ತಾನೆ. ಬೇಡವೆನ್ನುತ್ತೇವೆ. ನೆಟ್ಟಗೆ ಮಾಡಬೇಕಾದರೆ ಅಗೆಯಬೇಕು.