ಬಾನೆಟ್ಟಿನ ಮೇಲಿನ ಬಿಳಿ ಮಬ್ಬು

ಹೊಸ ಮೋಟಾರಿನ ಬಣ್ಣಕ್ಕೆ ಏನನ್ನೇ ಹಚ್ಚುವುದಿದ್ದರೂ ಮೊದಲು ಯಾರ ಕಣ್ಣಿಗೂ ಬೀಳದ ಒಂದು ಜಾಗದಲ್ಲಿ ಹಚ್ಚಿ, ಒಂದು ದಿನ ಬಿಟ್ಟು ನೋಡಬೇಕು. ನಾನು ನೋಡಲಿಲ್ಲ. ಅದು ಕೆಲಸದ ತಪ್ಪು, ಕೈಯಿಂದ ತಿದ್ದುವಂಥದ್ದು. ಮಾಡಿದ್ದು ‘ನಾನು’ ಎಂದು ಹೇಳಬೇಕಾದಾಗ ಹೇಳಲೂ ಇಲ್ಲ. ಅದನ್ನು ತಿದ್ದುವುದಕ್ಕೆ ನನಗೆ ಒಂಬತ್ತು ವರ್ಷ ಬೇಕಾಯಿತು.

೧೯೩೮ರ ಬೇಸಿಗೆಯಲ್ಲಿ ನಾನು ಗೋಕಾಕದ ಒಂದು ಮೋಟಾರು ಶೆಡ್ಡಿನಲ್ಲಿ ಬಣ್ಣದ ಕೆಲಸಕ್ಕಿದ್ದೆ. ಓದಿದ್ದು ಕನ್ನಡ ನಾಲ್ಕನೆಯ ಇಯತ್ತೆ. ನಮ್ಮದು ಕಟ್ಟಿಗೆಯ ಗೊಂಬೆ, ಹಣ್ಣು, ಕಾಯಿಪಲ್ಲೆ ಮಾಡುವ ಮನೆತನ. ಹಗುರ ಕಟ್ಟಿಗೆಯನ್ನು ಕೆತ್ತಿ, ಹುಣಸೆಬೀಜದ ಅಂಟುಸರಿಯಲ್ಲಿ ಖಡು ಎಂಬ ಬಿಳಿಮಣ್ಣಿನ ಪುಡಿ ಕಲಸಿ ಬಳಿದು, ಒಣಗಿದ ಮೇಲೆ ಬಣ್ಣ ಹಾಕಿ ಹೊಳಪು ಕೊಡುತ್ತೇವೆ. ಮಾವಿನಹಣ್ಣು ಮಾಡಿಟ್ಟರೆ ಗಿಳಿ ಬಂದು ಕುಕ್ಕಬೇಕು, ಅಷ್ಟು ಚೊಕ್ಕ ಕೆಲಸ. ನನಗೆ ಮಾತ್ರ ಗೊಂಬೆಗಿಂತ ಮೋಟಾರಿನ ಹುಚ್ಚು. ಸರ್ವಿಸ್ ಬಸ್ಸುಗಳ ಮೈಗೆ ಬಣ್ಣ ಬಳಿಯುತ್ತ ಆ ಶೆಡ್ಡು ಸೇರಿದ್ದೆ. ಅಲ್ಲಿನ ಮಿಸ್ತ್ರಿ ನನ್ನನ್ನು ಕರೆಯುತ್ತಿದ್ದದ್ದೇ ‘ಗೊಂಬಿ ಮಾರುತಿ’ ಎಂದು.

ಮನೆಯಲ್ಲಿ ನಾನು ಮತ್ತು ನನ್ನ ಅಕ್ಕ, ಇಬ್ಬರೇ. ಸುಂದ್ರಕ್ಕ ನನಗಿಂತ ಆರು ವರ್ಷ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ಕುಳಗೋಡದಿಂದ ತವರಿಗೆ ಬಂದು ಅಪ್ಪನ ಉಳಿ, ಕುಂಚ ಹಿಡಿದಿದ್ದಳು. ಹೊಳಪು ಕೊಡುವ ಕೈ ಅವಳದೇ, ನನ್ನದು ಅದರ ಅರ್ಧವೂ ಅಲ್ಲ. ಆ ವರ್ಷ ಹುಕ್ಕೇರಿಯ ಒಬ್ಬ ಸಾವಕಾರರು ಮಗಳ ಮದುವೆಗೆಂದು ತೊಟ್ಟಿಲು, ಮಣೆ, ಬುಟ್ಟಿಗಟ್ಟಲೆ ಹಣ್ಣು, ಗೊಂಬೆ ಎಲ್ಲವನ್ನೂ ಅವಳಿಂದಲೇ ಮಾಡಿಸುವುದಾಗಿ ಹೇಳಿದ್ದರು. ಒಂದು ವರ್ಷದ ಕೆಲಸ. ಅದು ಕೈಗೂಡಿದರೆ ಪೇಟೆಯಲ್ಲಿ ಒಂದು ಖೋಲಿ ಹಿಡಿದು, ತನ್ನ ಹೆಸರಿನಲ್ಲೇ ಕೆಲಸ ಶುರುಮಾಡಬೇಕು ಎಂದು ಅವಳು ಗೋಡೆಯ ಮೇಲೆ ಇದ್ದಿಲಿನಿಂದ ಖೋಲಿಯ ಚಿತ್ರ ಬರೆದಿದ್ದಳು. ಕಿಟಕಿ ಎಲ್ಲಿ, ಒಣಹಾಕುವ ಹಲಗೆ ಎಲ್ಲಿ, ಎಲ್ಲವೂ ಅದರಲ್ಲಿತ್ತು.

ಅದೇ ಸಾವಕಾರರು ಮುಂಬಯಿಯಿಂದ ಕರಿಬಣ್ಣದ ಹೊಸ ಮೋಟಾರು ತರಿಸಿದರು. ಅದು ರೈಲಿನಲ್ಲಿ ಗೋಕಾಕ ರೋಡ್ ಸ್ಟೇಶನ್ನಿಗೆ ಬಂದಿಳಿಯಿತು. ಮೈತುಂಬ ಧೂಳು, ಇಂಜಿನ್ನಿನ ಮಸಿ, ದಾರಿಯಲ್ಲಿ ಕೆಡದಿರಲೆಂದು ಬಳಿದ ಜಿಡ್ಡು. ಸಾವಕಾರರ ಡ್ರೈವರ್ ಅದನ್ನು ನಮ್ಮ ಶೆಡ್ಡಿಗೆ ತಂದು ನಿಲ್ಲಿಸಿ, “ನಾಕ ದಿನದಾಗ ಇದರಾಗ ಮೋತಿ ಕಾಣಬೇಕ ನೋಡ್ರಿ, ಸಾವಕಾರ್ರು ಮೀಸಿ ತಿರುವಾಕ ಕನ್ನಡಿ ಬ್ಯಾಡ ಅಂದಾರ” ಎಂದ. ಮಿಸ್ತ್ರಿ ಕೆಲಸವನ್ನು ನನಗೆ ಒಪ್ಪಿಸಿದರು. ಇದು ಹಳೆಯ ಕುಂಚದ ವಾರ್ನಿಶ್ ಅಲ್ಲ, ಸೆಲ್ಯುಲೋಸ್ ಎಂಬ ಹೊಸ ನಮೂನೆಯ ಬಣ್ಣ, ಪಿಚಕಾರಿಯಿಂದ ತುಂತುರಾಗಿ ಹೊಡೆಯುತ್ತಾರೆ, ಬೇಗ ಒಣಗುತ್ತದೆ, ಆದರೆ ತಾಳಿಕೆ ಹೇಗೋ ಗೊತ್ತಿಲ್ಲ ಎಂದಷ್ಟೇ ಅವರಿಗೂ ತಿಳಿದಿತ್ತು.

ಅಂದು ಸಂಜೆ ಅಕ್ಕನೂ ನಾನೂ ಮನೆಯ ಹಲಗೆಯ ಮೇಲೆ ಮೂರು ಪದಾರ್ಥ ಇಟ್ಟುಕೊಂಡು ಕುಳಿತೆವು. ಬೆಳಗಾವಿಯಿಂದ ತಂದ ಡಬ್ಬಿಯ ಉಜ್ಜುವ ಪೇಸ್ಟು ಒಂದು. ಜೇನುಮೇಣ ಕರಗಿಸಿ ಟರ್ಪೆಂಟೈನ್ ಬೆರೆಸಿ ಅಕ್ಕ ಮಾಡಿದ ಪಾಲಿಶ್ ಒಂದು. ಮೂರನೆಯದು ನಮ್ಮ ಮನೆಯ ಸ್ಪಿರಿಟ್ಟಿನ ಸೀಸೆ. ಗೊಂಬೆಗಳಿಗೆ ಕೊನೆಯ ಹೊಳಪು ಕೊಡುವಾಗ ಅರಳೆಯನ್ನು ಮಲ್ಮಲ್ ಬಟ್ಟೆಯಲ್ಲಿ ಕಟ್ಟಿ ಗಾದಿ ಮಾಡಿ, ಅದಕ್ಕೆ ಒಂದೆರಡು ಹನಿ ಸ್ಪಿರಿಟ್ ತಾಕಿಸಿ ಒಂದೇ ಸಲ ಸವರಿದರೆ ಗೊಂಬೆಯ ಮೈ ಗಾಜಿನಂತಾಗುತ್ತದೆ. ಚಿಕ್ಕಂದಿನಿಂದ ನನ್ನ ಕೈಗೆ ಕೂತ ವಿದ್ಯೆ ಅದು.

ಅಕ್ಕ ಡಬ್ಬಿಯ ಪೇಸ್ಟನ್ನು ಚೂರು ತೆಗೆದು ಹೆಬ್ಬೆರಳ ಉಗುರಿನ ಮೇಲೆ ಉಜ್ಜಿದಳು. ಉಗುರನ್ನು ದೀಪಕ್ಕೆ ಹಿಡಿದು ನನಗೆ ತೋರಿಸಿದಳು. ಸಣ್ಣ ಸಣ್ಣ ಗೆರೆ ಬಿದ್ದಿದ್ದವು.

“ಉಗುರ ಮ್ಯಾಲ ಗೆರಿ ಬೀಳ್ತಾವು ಅಂದ್ರ ಕರಿ ಬಣ್ಣದ ಮ್ಯಾಲ ಬೀಳೂದಿಲ್ಲೇನು? ಹಳೇ ಬಸ್ಸಿಗೆ ಇರ್ಲಿ ಇದು.”

“ಹಂಗಾರ ಸ್ಪಿರಿಟ್?”

“ಅದು ನಮ್ಮ ಬಣ್ಣಕ್ಕ. ಈ ಬಣ್ಣದ ಕುಲಾ ಗೋತ್ರಾ ನಮಗ ಗೊತ್ತಿಲ್ಲ, ತಮ್ಮಾ. ಏನ ಹಚ್ಚಿದ್ರೂ ಮೊದಲ ತಳದಾಗ ಹಚ್ಚಿ ಒಂದ ದಿನಾ ಬಿಡು.”

ತಳ ನೋಡುವುದು ನಮ್ಮ ಮನೆತನದ ರೂಢಿ. ಹೊಸ ಬಣ್ಣ ಬಂದರೆ ಗೊಂಬೆಯ ಮುಖಕ್ಕೆ ಹಚ್ಚುವುದಿಲ್ಲ. ಬೋರಲು ಹಾಕಿ ತಳಕ್ಕೆ ಹಚ್ಚಿ, ಮರುದಿನದವರೆಗೆ ಕಾಯುತ್ತೇವೆ. ಅಕ್ಕ ತನ್ನ ಮೇಣವನ್ನು ಒಂದು ಡಬ್ಬಿಗೆ ತುಂಬಿ ಕೊಟ್ಟಳು. ಹಳೆಯ ಫ್ಲಾನೆಲ್ ಅಂಗಿಯ ಗುಂಡಿ, ಹೊಲಿಗೆ ಎಲ್ಲ ಕತ್ತರಿಸಿ ಆರು ತುಂಡು ಮಾಡಿದಳು. “ನೆಲಕ್ಕ ಬಿದ್ದ ಬಟ್ಟಿ ಮತ್ತ ಮುಟ್ಟಬ್ಯಾಡ. ಒಂದ ಉಸುಕಿನ ಕಾಳ ಸಾಕು” ಎಂದಳು.

ಮೊದಲ ಮೂರು ದಿನ ನಾನು ಅವಳು ಹೇಳಿದಂತೆಯೇ ಮಾಡಿದೆ. ಧೂಳನ್ನು ಒರೆಸದೆ ನೀರು ಬಿಟ್ಟು ಹರಿಸಿದೆ. ಮೆದು ತೊಗಲಿನಿಂದ ತೇವ ತೆಗೆದೆ. ನೆರಳಿನಲ್ಲಿ ನಿಲ್ಲಿಸಿ, ತಗಡು ತಣ್ಣಗಾದ ಮೇಲೆ ಮೇಣವನ್ನು ಕಾಗದದಷ್ಟು ತೆಳ್ಳಗೆ ಹಚ್ಚಿದೆ. ಬಾಗಿಲ ಕೆಳಗಿನ ಮಡಿಕೆಯಲ್ಲಿ ಮೊದಲೇ ಹಚ್ಚಿ ನೋಡಿದ್ದೆ, ಏನೂ ಆಗಿರಲಿಲ್ಲ. ಬಾಗಿಲು, ಹಿಂಬದಿ, ಮಡ್‌ಗಾರ್ಡುಗಳು ಹೊಳೆಯತೊಡಗಿದವು. ಮಿಸ್ತ್ರಿ ಬಂದು ಮಡ್‌ಗಾರ್ಡಿನಲ್ಲಿ ತಮ್ಮ ಮುಖ ನೋಡಿಕೊಂಡು ಹಲ್ಲು ಕಿರಿದರು.

ಉಳಿದದ್ದು ಬಾನೆಟ್ಟು. ಅದರ ಮೇಲೆ ಇಂಜಿನ್ನಿನ ಮಸಿ ಜಿಡ್ಡಿನೊಡನೆ ಕೂಡಿ ಸಾಸಿವೆಕಾಳಿನಂಥ ಚುಕ್ಕೆಗಳಾಗಿ ಕೂತಿತ್ತು. ಮೇಣದಿಂದ ಅವು ನಿಧಾನವಾಗಿ ಬಿಡುತ್ತಿದ್ದವು, ಒಂದೊಂದಕ್ಕೂ ಅಷ್ಟಷ್ಟು ಹೊತ್ತು. ನಾಲ್ಕನೆಯ ದಿನ ಮಧ್ಯಾಹ್ನ ಡ್ರೈವರ್ ಬಂದು ಬೀಡಿ ಹಚ್ಚಿದ. “ಇನ್ನೂ ಮುಗದಿಲ್ಲ? ಗೊಂಬಿ ಮಾಡಾಕತ್ತಿ ಏನ, ಮೋಟಾರ ತಿಕ್ಕಾಕತ್ತಿ? ಹೊತ್ತ ಮುಣಗೂದರಾಗ ಹುಕ್ಕೇರಿಗೆ ಒಯ್ಯಬೇಕು.” ಅವನ ಮಾತಿಗೆ ಶೆಡ್ಡಿನಲ್ಲಿದ್ದವರು ನಕ್ಕರು. ನನಗೆ ಕಿವಿ ಬಿಸಿಯಾಯಿತು. ಚೀಲದಲ್ಲಿ ಸ್ಪಿರಿಟ್ಟಿನ ಸೀಸೆ ಇತ್ತು. ಅಕ್ಕನಿಗೆ ಹೇಳದೆ ತಂದಿದ್ದೆ.

ಗಾದಿ ಕಟ್ಟಿದೆ. ತಳ ನೋಡಲಿಲ್ಲ. ಗೊಂಬೆಗೆ ಸವರಿದಂತೆ ಒಂದೇ ಸಲ ಸವರಿದೆ. ಚುಕ್ಕೆಗಳು ಮಾಯವಾದವು. ಹುರುಪಿನಲ್ಲಿ ಇಡೀ ಬಾನೆಟ್ಟಿಗೆ ಸವರಿದೆ. ಎರಡನೆಯ ಸುತ್ತಿನಲ್ಲಿ ಬಟ್ಟೆ ತುಸು ಹಿಡಿದಂತಾಯಿತು, ಒಣಗದ ಸರಿಯ ಮೇಲೆ ಬೆರಳಿಟ್ಟ ಹಾಗೆ. ಗಾದಿ ತಿರುಗಿಸಿ ನೋಡಿದರೆ ಕರಿ ಬಣ್ಣ ಹತ್ತಿತ್ತು. ಕೂಡಲೇ ಮೇಲೆ ದಪ್ಪಗೆ ಮೇಣ ಬಳಿದು ತಿಕ್ಕಿದೆ. ಶೆಡ್ಡಿನ ನೆರಳಿನಲ್ಲಿ ಎಲ್ಲವೂ ಸರಿಯಾಗಿಯೇ ಕಂಡಿತು. ಸಂಜೆ ಮೋಟಾರಿನಲ್ಲೇ ನಾನೂ ಹುಕ್ಕೇರಿಗೆ ಹೋಗಿ ಸಾವಕಾರರ ದೊಡ್ಡ ಮನೆಯಲ್ಲಿ, ಅವರ ವಾಡೆಯಲ್ಲಿ, ಉಳಿದೆ.

ಮರುದಿನ ಮುಂಜಾನೆ ಹುಕ್ಕೇರಿಯ ವಾಡೆಯ ಮುಂದೆ ಬಿಸಿಲು ಬಿದ್ದಾಗ ಸರಿ ಕಾಣಲಿಲ್ಲ. ಬಾನೆಟ್ಟಿನ ಮೇಲೆ ಎರಡು ಅಂಗೈಯಷ್ಟು ಜಾಗದಲ್ಲಿ ಹಾಲು ಚೆಲ್ಲಿ ಒರೆಸಿದಂಥ ಬಿಳಿ ಮಬ್ಬು ಎದ್ದಿತ್ತು. ಅದರೊಳಗೆ ನನ್ನ ಗಾದಿ ತಿರುಗಿದ ಗುರುತುಗಳು. ಪೂಜೆಗೆಂದು ಊರ ಹತ್ತು ಜನ ಕೂಡಿದ್ದರು. ಸಾವಕಾರರು ನನ್ನ ಕಡೆ ನೋಡದೆ, ಬಾನೆಟ್ಟನ್ನೇ ನೋಡುತ್ತ ಕೇಳಿದರು.

“ಏನ ಹಚ್ಚಿಯೋ ಇದಕ್ಕ?”

“ಪಾಲಿಶ್ ರಿ.”

“ಯಾರ ಕೊಟ್ಟದ್ದು?”

ನನ್ನ ಬಾಯಿಂದ ಬಂದದ್ದು ಇಷ್ಟೇ: “ಅಕ್ಕ ಮಾಡಿ ಕೊಟ್ಟಿದ್ಲರಿ.”

ಸುಳ್ಳೆಂದು ಯಾರೂ ಹಿಡಿಯಲಾರದ ಮಾತು. ಮೇಣ ಅವಳು ಮಾಡಿದ್ದೇ. ಆ ಮಬ್ಬು ಯಾತರಿಂದ ಬಂತು ಎಂಬುದಕ್ಕೆ ಮಾತ್ರ ಅದು ಉತ್ತರವಾಗಿರಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಜನ ಕಳಿಸಿ ಅಕ್ಕನನ್ನು ಕರೆಸಿದರು. ಅವಳು ಬಂದು ಸಾವಕಾರರಿಗೆ ಕೈಮುಗಿದು, ನೇರ ಬಾನೆಟ್ಟಿನ ಹತ್ತಿರ ಹೋಗಿ ಬಾಗಿ ಮೂಸಿದಳು. ಆಮೇಲೆ ನನ್ನ ಚೀಲದಿಂದ ಗಾದಿ ತೆಗೆದು ಅದನ್ನೂ ಮೂಸಿದಳು. ನನ್ನ ಮುಖ ನೋಡಿದಳು. ನಾನು ಹೇಳಲಿ ಎಂದು ಅವಳು ಕಾದಳು ಎಂಬುದು ಆಗಲೂ ಗೊತ್ತಾಯಿತು, ಈಗಲೂ ಗೊತ್ತು. ನಾನು ಮೋಟಾರಿನ ಗಾಲಿ ನೋಡುತ್ತ ನಿಂತೆ.

“ಎರಡ ದಿನಾ ಕೊಡ್ರಿ ಸಾವಕಾರ್ರ, ಸುದ್ದ ಮಾಡಿ ಕೊಡ್ತೀನಿ” ಎಂದಳು ಅಕ್ಕ.

ಆ ಎರಡು ದಿನ ನಾನು ಕಲಿತದ್ದೇ ಮುಂದೆ ನನ್ನ ಜೀವಮಾನದ ಕಸುಬಾಯಿತು. ಮೊದಲ ದಿನ ಅವಳು ಬಣ್ಣವನ್ನು ಮುಟ್ಟಲೇ ಇಲ್ಲ. “ಸ್ಪಿರಿಟ್ಟಿಗೆ ಮೆತ್ತಗಾಗೇತಿ, ಗಟ್ಟಿ ಆಗ್ಲಿ” ಎಂದು ನನಗೊಬ್ಬನಿಗೇ ಕೇಳುವಂತೆ ಹೇಳಿ ಮೋಟಾರನ್ನು ನೆರಳಿಗೆ ತಳ್ಳಿಸಿದಳು. ಆ ಹೊತ್ತಿನಲ್ಲಿ ಖಡುವಿನ ಪುಡಿಯನ್ನು ನೀರಿನಲ್ಲಿ ಕದಡಿ, ದಪ್ಪ ಕಣ ತಳಕ್ಕೆ ಕೂತ ಮೇಲೆ ಮೇಲಿನ ಹಾಲಿನಂಥ ನೀರನ್ನಷ್ಟೇ ಬಸಿದಳು. ಹೀಗೆ ಮೂರು ಸಲ. ಕೊನೆಗೆ ತಟ್ಟೆಯಲ್ಲಿ ಒಣಗಿ ಉಳಿದ ಪುಡಿ ಮುಖದ ಪೌಡರಿಗಿಂತ ನುಣುಪಾಗಿತ್ತು. ಉಗುರಿನ ಮೇಲೆ ಉಜ್ಜಿದಳು, ಗೆರೆ ಬೀಳಲಿಲ್ಲ. ಬಾಗಿಲ ಕೆಳಗಿನ ಮಡಿಕೆಯಲ್ಲಿ ಉಜ್ಜಿ ರಾತ್ರಿ ಬಿಟ್ಟಳು, ಅಲ್ಲಿಯೂ ಏನೂ ಆಗಲಿಲ್ಲ. ಎರಡನೆಯ ದಿನ ಅದಕ್ಕೆ ಎರಡು ಹನಿ ಎಣ್ಣೆ ಕೂಡಿಸಿ, ಫ್ಲಾನೆಲ್ಲಿನ ಮೇಲೆ ತೆಗೆದುಕೊಂಡು ಬಾನೆಟ್ಟಿನ ಉದ್ದಕ್ಕೆ ನೇರವಾಗಿ ತಿಕ್ಕಿದಳು. ನಾನು ಗೊಂಬೆಯ ರೂಢಿಯಲ್ಲಿ ದುಂಡಗೆ ತಿಕ್ಕಲು ಹೋದಾಗ ಕೈಮೇಲೆ ಒಂದು ಬಿಗಿದಳು. ದುಂಡಗೆ ತಿಕ್ಕಿದರೆ ಬಿಸಿಲಿನಲ್ಲಿ ಜೇಡರ ಬಲೆಯಂತೆ ಗುರುತು ಕಾಣುತ್ತವೆ. ಭಾರ ಹಾಕುವಂತಿಲ್ಲ, ಬಟ್ಟೆಯ ತೂಕವೇ ಸಾಕು. ಸಂಜೆಗೆ ಮಬ್ಬು ಹೋಗಿ ಒಳಗಿನ ಕಪ್ಪು ಮೇಲೆ ಬಂತು. ಒಣ ಪುಡಿ ಉದುರಿಸಿ ಎಣ್ಣೆ ತೆಗೆದು, ಕೊನೆಗೆ ತನ್ನ ಅದೇ ಮೇಣವನ್ನು ಹಚ್ಚಿದಳು. ಮಬ್ಬು ತಂದಿತೆಂದು ಎಲ್ಲರೂ ನಂಬಿದ್ದ ಅದೇ ಮೇಣ.

ಸಾವಕಾರರು ನೋಡಿದರು. ತಲೆಯಾಡಿಸಿದರು. ಕೆಟ್ಟ ಮನುಷ್ಯರಲ್ಲ ಅವರು. ಕೇಳಿದ್ದನ್ನು ನಂಬಿದವರು.

“ಕೈ ಛಲೋ ಐತೆವ್ವಾ ನಿಂದು. ಖರೆ, ಒಮ್ಮೆ ಕೆಡಿಸಿ ಆಮ್ಯಾಲ ಸುಧಾರಸೂ ಕೈ ನಮಗ ಬ್ಯಾಡ. ಮದವಿ ಸಾಮಾನ ಬ್ಯಾರೆ ಕಡೆ ಹೇಳ್ತೀವಿ.” ಹಾಗೆಂದು ನನ್ನ ಕಡೆ ತಿರುಗಿದರು. “ಮಾರುತಿ, ನೀ ತಿಂಗಳಿಗೊಮ್ಮೆ ಬಂದು ಮೋಟಾರ ನೋಡ್ಕೋ.”

ತಿರುಗಿ ಬರುವ ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತಿದ್ದಳು. ಗೋಕಾಕ ಹತ್ತಿರ ಬಂದಾಗ ಒಂದೇ ಮಾತು ಆಡಿದಳು: “ನಿನ್ನ ಕೆಲಸರೇ ಉಳೀತು ಬಿಡು.” ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಆಗಲೇ ಬಾಯಿಬಿಡುತ್ತಿದ್ದೆನೇನೋ. ಮನೆಗೆ ಬಂದು ಒದ್ದೆ ಬಟ್ಟೆಯಿಂದ ಗೋಡೆಯ ಮೇಲಿನ ಖೋಲಿಯ ಚಿತ್ರವನ್ನು ಒರೆಸಿದಳು. ಹುಕ್ಕೇರಿಯ ಮಾತು ಗೋಕಾಕದ ಪೇಟೆಗೂ ಬಂತು, ಬೇರೆ ಮನೆಗಳೂ ಅವಳಿಗೆ ಕೆಲಸ ಹೇಳುವುದನ್ನು ಬಿಟ್ಟವು. ಮಳೆಗಾಲದ ಹೊತ್ತಿಗೆ ಅವಳು ಕುಳಗೋಡಕ್ಕೆ, ಗಂಡನ ಮನೆಯವರು ಬಿಟ್ಟುಕೊಟ್ಟ ಒಂದು ಪಡಸಾಲೆಗೆ ಹೋದಳು. ಅಲ್ಲೇ ಸಣ್ಣ ಗೊಂಬೆ ಮಾಡಿ ಮೂಡಲಗಿಯ ಸಂತೆಯಲ್ಲಿ ಮಾರತೊಡಗಿದಳು.

ನಾನು ಬೆಳೆದೆ. ಹೊಸ ಮೋಟಾರು ಎಂದರೆ ಮಾರುತಿಯ ಕೈಗೇ ಕೊಡಬೇಕು ಎಂಬ ಹೆಸರು ಬಂತು. ಬಂದ ಪ್ರತಿ ಡಬ್ಬಿಯನ್ನೂ ಉಗುರಿನ ಮೇಲೆ ಉಜ್ಜಿ ನೋಡುತ್ತಿದ್ದೆ, ಪ್ರತಿ ಬಟ್ಟೆಯ ಹೊಲಿಗೆಯನ್ನೂ ಕತ್ತರಿಸುತ್ತಿದ್ದೆ. ಯುದ್ಧದ ಕಾಲದಲ್ಲಿ ವಿಲಾಯತಿ ಪಾಲಿಶ್ ಬರುವುದು ನಿಂತಾಗ ಉಳಿದವರು ಕೈಕಟ್ಟಿ ಕೂತರು, ನಾನು ಮೇಣ ಮತ್ತು ಖಡುವಿನಿಂದಲೇ ನಡೆಸಿದೆ. ಈ ವಿದ್ಯೆ ಯಾರದೆಂದು ಕೇಳಿದರೆ “ಮನಿತನದ್ದು” ಎನ್ನುತ್ತಿದ್ದೆ. ಅಕ್ಕನ ಹೆಸರು ಹೇಳುತ್ತಿರಲಿಲ್ಲ. ವರ್ಷಕ್ಕೆರಡು ಸಲ ಕುಳಗೋಡಕ್ಕೆ ಹೋಗುತ್ತಿದ್ದೆ. ಸೀರೆ ಒಯ್ಯುತ್ತಿದ್ದೆ, ಬೆಲ್ಲ ಒಯ್ಯುತ್ತಿದ್ದೆ, ಆ ಮಾತನ್ನು ಮಾತ್ರ ಒಯ್ಯಲಿಲ್ಲ.

೧೯೪೭ರಲ್ಲಿ ಹುಕ್ಕೇರಿಯ ಸಾವಕಾರರ ಮಗ ತನ್ನ ಹೊಸ ಮೋಟಾರನ್ನು ನನ್ನ ಸ್ವಂತ ಶೆಡ್ಡಿಗೆ ತಂದ. ನಾನು ಮೇಣದ ಡಬ್ಬಿ ತೆಗೆದಾಗ ಅವನು ನಗುತ್ತ ಅಂದ: “ಕಾಕಾ, ಇದು ನಿಮ್ಮ ಅಕ್ಕ ಮಾಡಿದ್ದಲ್ಲ, ಹೌದಲ್ರಿ? ನಮ್ಮ ಅಪ್ಪಾ ಇನ್ನೂ ಹೇಳ್ತಾರ, ಮೋಟಾರಿಗೆ ಹಾಲ ಕುಡಿಸಿದಾಕಿ ಅಂತ.”

ಡಬ್ಬಿಯ ಮುಚ್ಚಳ ಹಾಕಿದೆ. “ಒಂದ ತಾಸ ಪುರಸೊತ್ತ ಐತೇನ್ರಿ? ಗಾಡಿ ಚಾಲೂ ಮಾಡ್ರಿ, ಕುಳಗೋಡಕ್ಕ ಹೋಗೂಣು” ಎಂದೆ. ಅವನಿಗೆ ಅರ್ಥವಾಗಲಿಲ್ಲ. ಹೊಸ ಗಾಡಿ ಓಡಿಸುವ ಹುಕಿಯಲ್ಲಿದ್ದ, ಹೊರಟ.

ಅಕ್ಕ ಪಡಸಾಲೆಯ ಕಟ್ಟೆಯ ಮೇಲೆ ಕೂತು ಒಂದು ಕಟ್ಟಿಗೆಯ ಮಾವಿನಹಣ್ಣನ್ನು ಬೋರಲು ಹಿಡಿದು, ಅದರ ತಳಕ್ಕೆ ಹಳದಿ ಹಚ್ಚುತ್ತಿದ್ದಳು. ಮೋಟಾರು ನೋಡಿ ಕಣ್ಣು ಕಿರಿದುಮಾಡಿದಳು. “ಯಾರ ಮೋಟಾರ ಕೆಡಿಸ್ಕೊಂಡ ಬಂದಿಯೋ ಮಾರುತ್ಯಾ? ಖಡು ಮುಗದೈತಿ ನನ್ನ ಹಂತ್ಯಾಕ.”

ನಾನು ಕಟ್ಟೆ ಹತ್ತಲಿಲ್ಲ. ಅಂಗಳದಲ್ಲೇ ನಿಂತೆ. ಸಾವಕಾರರ ಮಗನಿಗೂ, ಆಚೀಚೆಯ ಬಾಗಿಲುಗಳಲ್ಲಿ ನಿಂತವರಿಗೂ ಕೇಳುವ ಹಾಗೆ, ಒಂಬತ್ತು ವರ್ಷದ ಹಿಂದೆ ಹುಕ್ಕೇರಿಯ ವಾಡೆಯ ಮುಂದೆ ಹೇಳಬೇಕಾಗಿದ್ದುದನ್ನು ಹೇಳಿದೆ.

“ಅಕ್ಕಾ, ಅವತ್ತ ಬಾನೆಟ್ಟಿಗೆ ಸ್ಪಿರಿಟ್ ಹಚ್ಚಿದಾಂವ ನಾನು. ನೀ ಬ್ಯಾಡ ಅಂದಿದ್ದಿ, ತಳಾ ನೋಡು ಅಂದಿದ್ದಿ, ನಾ ನೋಡ್ಲಿಲ್ಲ. ನಿನ್ನ ಮೇಣದಾಗ ಏನೂ ತಪ್ಪಿರ್ಲಿಲ್ಲ. ಕೆಡಿಸಿದಾಂವ ನಾ, ಹೆಸರ ಕೆಟ್ಟದ್ದು ನಿಂದು. ತಪ್ಪಾತು ಅಕ್ಕಾ, ನನ್ನ ಕ್ಷಮಾ ಮಾಡು.”